ಏಳು ದಿನದ ಬಿಡಾರ

ಹಿಂದಿನ ಕಾಲದಲ್ಲಿ ‘ಹವಾ ಬದಲಾವಣೆ’ ಎಂಬ ಮಾತೊಂದು ಬಳಕೆಯಲ್ಲಿತ್ತು. ಅದು ವೈದ್ಯರ ಬಾಯಿಂದಲೇ ಹೊರಡಬೇಕಾದ ಮಾತು. ವಿಷಮಶೀತ ಜ್ವರದಿಂದ ಎದ್ದವರಿಗೆ, ಬಾಣಂತನದ ತರುವಾಯ ಚೇತರಿಸಿಕೊಳ್ಳದ ಹೆಣ್ಣುಮಕ್ಕಳಿಗೆ, ಪರೀಕ್ಷೆಗೆ ಓದಿ ಓದಿ ಕಣ್ಣು ಗುಳಿಬಿದ್ದ ಹುಡುಗರಿಗೆ ಮಾತ್ರ ಆ ಭಾಗ್ಯ ಮೀಸಲು. ಗಟ್ಟಿಮುಟ್ಟಾದ ಗಂಡಹೆಂಡಿರಿಬ್ಬರು, ಯಾವ ರೋಗವೂ ಇಲ್ಲದೆ, ಯಾರ ಮದುವೆ ಮುಂಜಿಯ ಕರೆಯೂ ಇಲ್ಲದೆ, ಯಾವ ದೇವರ ಹರಕೆಯೂ ಇಲ್ಲದೆ, ಸುಮ್ಮನೆ ಎಲ್ಲಿಗಾದರೂ ಹೋಗಿ ನಾಲ್ಕು ದಿನ ಇದ್ದು ಬರುತ್ತೇವೆ ಎಂದರೆ ಮನೆಯ ಹಿರಿಯರು ಹುಬ್ಬೇರಿಸುತ್ತಿದ್ದರು. ಕಾಶಿ ರಾಮೇಶ್ವರಗಳಿಗೆ ದಂಪತಿಗಳು ಹೋಗುತ್ತಿದ್ದರು, ನಿಜ. ಆದರೆ ಅವರ ಹಿಂದೆ ಒಬ್ಬ ಸೋದರತ್ತೆ, ಇಬ್ಬರು ನಾದಿನಿಯರು, ನೆರೆಮನೆಯ ಅಜ್ಜಿ, ಅವರೆಲ್ಲರ ಮಡಿಬಟ್ಟೆಯ ಗಂಟುಗಳು ಇದ್ದೇ ಇರುತ್ತಿದ್ದುವು. ಹೀಗಾಗಿ, ಮೂವತ್ತು ನಲವತ್ತು ವರ್ಷ ಒಂದೇ ಸೂರಿನಡಿಯಲ್ಲಿ ಸಂಸಾರ ನಡೆಸಿಯೂ, ಆ ಸೂರಿನಡಿಯಲ್ಲಿ ಒಂದು ಹಗಲನ್ನು ಇಬ್ಬರೇ ಕಳೆದವರು ನಮ್ಮಲ್ಲಿ ಹೆಚ್ಚು ಮಂದಿ ಇರಲಾರರು.

ಈಗ ಕಾಲ ಬದಲಾಗಿದೆ. ದಂಪತಿಗಳ ವಿರಾಮಯಾತ್ರೆ ಇಂದು ಹುಬ್ಬೇರಿಸುವ ಸಂಗತಿಯಲ್ಲ. ಹೋದ ಊರಿನಲ್ಲಿ ಹೋಟೆಲಿನ ಕೊಠಡಿಯನ್ನು ಹಿಡಿಯುವ ಬದಲು, ಒಂದು ಇಡೀ ಮನೆಯನ್ನೇ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆಯುವ ಪದ್ಧತಿಯೂ ಬೆಳೆದಿದೆ. ಹಳೆಯ ನಗರದ ಹಳೆಯ ಕಟ್ಟಡದಲ್ಲಿ ಒಂದು ಅಪಾರ್ಟ್‌ಮೆಂಟು. ಅದರಲ್ಲೊಂದು ನಡುಮನೆ, ಒಂದು ಮಲಗುವ ಕೋಣೆ, ಒಂದು ಪುಟ್ಟ ಅಡುಗೆಮನೆ. ಬಾಗಿಲಿನ ಬೀಗದ ಕೈ ತಮ್ಮದೇ ಜೇಬಿನಲ್ಲಿ. ನಮ್ಮ ಹಿರಿಯರು ಇದನ್ನು ‘ಬಿಡಾರ ಹೂಡುವುದು’ ಎನ್ನುತ್ತಿದ್ದರು. ಜಾತ್ರೆಗೆ ಹೋದವರು ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡರೆ ಅದೇ ಬಿಡಾರ. ಹೋಟೆಲಿನಲ್ಲಿ ಮನುಷ್ಯ ಅತಿಥಿ, ಬಿಡಾರದಲ್ಲಿ ಗೃಹಸ್ಥ. ಈ ಪದ್ಧತಿಯ ಸುಖವೂ ತೊಡಕೂ ಇರುವುದು ಇಲ್ಲಿಯೇ.

ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದ ರಾಯರಿಗೂ ಅವರ ಪತ್ನಿಗೂ ಇತ್ತೀಚೆಗೆ ಈ ಅನುಭವ ದೊರೆಯಿತು. ರಾಯರ ಷಷ್ಟ್ಯಬ್ದಿ ಶಾಂತಿ ಮುಗಿದಿತ್ತು. ಅರವತ್ತು ತುಂಬಿದವನು ಅದೇ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವ ಆ ಶುಭಕಾರ್ಯದಲ್ಲಿಯೂ ಇಬ್ಬರಿಗೆ ಒಂದು ಮಾತಾಡಲು ಬಿಡುವಾಗಲಿಲ್ಲ. ಇನ್ನೂರು ಎಲೆಯ ಊಟವಾಯಿತು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗ ಅವರನ್ನು ತನ್ನಲ್ಲಿಗೆ ಕರೆಸಿಕೊಂಡು, ಜೂನ್ ತಿಂಗಳಿನಲ್ಲಿ ಏಳು ದಿನಗಳ ಮಟ್ಟಿಗೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಒಂದು ಮನೆ ಗೊತ್ತುಮಾಡಿ, “ನೀವಿಬ್ಬರೇ ಹೋಗಿ, ಏನೂ ಮಾಡದೆ ಸುಮ್ಮನೆ ಇದ್ದು ಬನ್ನಿ” ಎಂದು ರೈಲು ಹತ್ತಿಸಿದ. ಏನೂ ಮಾಡದೆ ಸುಮ್ಮನೆ ಇರುವುದು ಎಷ್ಟು ಕಷ್ಟದ ಕೆಲಸವೆಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ.

ಎಡಿನ್‌ಬರೋದ ಹಳೆಯ ಪಟ್ಟಣ ಒಂದು ಕಲ್ಲುದಿಬ್ಬದ ಬೆನ್ನಿನ ಮೇಲೆ ಕುಳಿತಿದೆ. ಪಶ್ಚಿಮದ ತುದಿಯಲ್ಲಿ ಬಂಡೆಯ ಮೇಲೆ ಕೋಟೆ. ಪೂರ್ವದ ತುದಿಯಲ್ಲಿ ಇಳಿಜಾರಿನ ಕೊನೆಗೆ ಹಾಲಿರೂಡ್ ಅರಮನೆ. ಎರಡನ್ನೂ ಕೂಡಿಸುವ ರಾಜಬೀದಿ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಈ ಬೀದಿಯ ಎರಡು ಪಕ್ಕಗಳಲ್ಲಿಯೂ ಮೀನಿನ ಬೆನ್ನುಮೂಳೆಯಿಂದ ಹೊರಟ ಮುಳ್ಳುಗಳಂತೆ ಅನೇಕ ಓಣಿಗಳು ಇಳಿಯುತ್ತವೆ. ಅವುಗಳಿಗೆ ಅಲ್ಲಿಯವರು ‘ಕ್ಲೋಸ್’ ಎನ್ನುತ್ತಾರೆ. ಕೆಲವು ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಓಣಿಯ ಮಗ್ಗುಲಿಗೆ ಐದು, ಆರು, ಕೆಲವೆಡೆ ಅದಕ್ಕಿಂತಲೂ ಹೆಚ್ಚು ಮಹಡಿಗಳ ಕಪ್ಪುಗಲ್ಲಿನ ಮನೆಗಳು. ಅಂಥ ಒಂದು ಮನೆಯ ನಾಲ್ಕನೆಯ ಅಂತಸ್ತಿನಲ್ಲಿ ರಾಯರ ಬಿಡಾರ. ಸುರುಳಿ ಸುರುಳಿಯಾಗಿ ಏರುವ ಕಲ್ಲುಮೆಟ್ಟಿಲುಗಳು ೫೮. ರಾಯರು ಎಣಿಸಿದರು, ಲೆಕ್ಕದ ಮನುಷ್ಯರು. ಅವರ ಪತ್ನಿ ಎಣಿಸಲಿಲ್ಲ. ನಾಲ್ಕು ಕಡೆ ಕುಳಿತು ದಣಿವಾರಿಸಿಕೊಂಡರು. ಶತಮಾನಗಳ ಕಾಲ್ತುಳಿತಕ್ಕೆ ಮೆಟ್ಟಿಲುಗಳ ನಡುಭಾಗ ಹಳೆಯ ಒರಳಿನಂತೆ ಸವೆದು ಗುಳಿಬಿದ್ದಿತ್ತು.

ಇಷ್ಟು ಎತ್ತರಕ್ಕೆ ಏಕೆ ಕಟ್ಟಿದರು? ೧೫೧೩ರಲ್ಲಿ ಫ್ಲಾಡನ್ ಎಂಬಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ ಇಂಗ್ಲಿಷರೊಡನೆ ಕಾದಾಡಿ ಮಡಿದ. ಇನ್ನು ಶತ್ರು ಊರಿಗೇ ನುಗ್ಗುತ್ತಾನೆಂಬ ಭಯದಿಂದ ಪಟ್ಟಣಕ್ಕೆ ಗೋಡೆ ಎಬ್ಬಿಸಿದರು. ಉತ್ತರಕ್ಕೆ ಕೆರೆಯ ರಕ್ಷಣೆ, ಉಳಿದ ಕಡೆ ಗೋಡೆಯ ರಕ್ಷಣೆ. ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಗೋಡೆಯ ಹೊರಗೆ ಹೋಗಿ ನೆಲಸಲು ಧೈರ್ಯವಿಲ್ಲದವರು ಮಹಡಿಯ ಮೇಲೆ ಮಹಡಿ ಏರಿಸಿದರು. ಇಂಥ ಎತ್ತರದ ಕಟ್ಟಡಕ್ಕೆ ಅಲ್ಲಿ ‘ಲ್ಯಾಂಡ್’ ಎಂದೇ ಹೆಸರು. ನೆಲವಿಲ್ಲದವರು ಆಕಾಶದಲ್ಲಿ ನೆಲ ಮಾಡಿಕೊಂಡರು ಎನ್ನಬಹುದು.

ಒಂದೇ ಮೆಟ್ಟಿಲ ಸಾಲಿನಲ್ಲಿ ಎಲ್ಲ ಬಗೆಯ ಜನವೂ ಇರುತ್ತಿದ್ದರು. ಬೀದಿಯ ಗದ್ದಲ ಗಲೀಜಿಗೆ ಹತ್ತಿರವಾದ ನೆಲದಂತಸ್ತಿನಲ್ಲಿ ಕಸಬಿನವರು, ಅಂಗಡಿಯವರು. ನಡುವಣ ಅಂತಸ್ತುಗಳಲ್ಲಿ ನ್ಯಾಯಾಧೀಶರು, ವರ್ತಕರು, ಸರದಾರರು. ಮೆಟ್ಟಿಲು ಹತ್ತಿ ಹತ್ತಿ ಉಸಿರು ಕಟ್ಟುವ ತುತ್ತತುದಿಯಲ್ಲಿ ಮತ್ತೆ ಬಡವರು. ಎಲ್ಲರೂ ಒಂದೇ ಮೆಟ್ಟಿಲು ತುಳಿಯಬೇಕು. ರಾತ್ರಿ ಹತ್ತು ಗಂಟೆಯಾದೊಡನೆ ಮೇಲಿನವರು ಎಚ್ಚರಿಕೆಯ ಕೂಗೊಂದನ್ನು ಹಾಕಿ ದಿನದ ಕೊಳಕನ್ನೆಲ್ಲ ಕಿಟಕಿಯಿಂದ ಬೀದಿಗೆ ಸುರಿಯುತ್ತಿದ್ದರು. ದಾರಿಹೋಕ ಸರದಾರನಾದರೂ ಸರಿ, ಚಮ್ಮಾರನಾದರೂ ಸರಿ, ಓಡಬೇಕು. ಅಷ್ಟರ ಮಟ್ಟಿಗೆ ಅದು ಸಮಾನತೆಯ ರಾಜ್ಯವೇ. ಈ ವೃತ್ತಾಂತವನ್ನು ಮನೆಯಲ್ಲಿದ್ದ ಪುಸ್ತಕದಿಂದ ಓದಿ ಹೇಳುತ್ತಿದ್ದ ರಾಯರನ್ನು ಅವರ ಪತ್ನಿ ನಡುವೆಯೇ ತಡೆದು, “ಹಾಗಾದರೆ ಇದು ನಮ್ಮ ವಠಾರವೇ ಅನ್ನಿ. ನಮ್ಮದು ಮಲಗಿತ್ತು, ಇದು ಎದ್ದು ನಿಂತಿದೆ” ಎಂದರು. ಚಾಮರಾಜಪೇಟೆಯ ವಠಾರವೊಂದರಲ್ಲಿ, ಎರಡು ಕೋಣೆಯ ಮನೆಯಲ್ಲಿ, ಎಂಟು ಜನರ ನಡುವೆ ಅವರ ದಾಂಪತ್ಯ ಆರಂಭವಾಗಿತ್ತು.

ಮನೆಯೇನೋ ಸೊಗಸಾಗಿತ್ತು. ಗೋಡೆಯ ದಪ್ಪ ಮೂರು ಅಡಿ. ಕಿಟಕಿಯ ಗೂಡಿನಲ್ಲಿ ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳುವಷ್ಟು ಸ್ಥಳ. ಅಲ್ಲಿಂದ ನೋಡಿದರೆ ಕೆಳಗೆ ತೋಟ, ಅದರಾಚೆ ೧೭೬೭ರಲ್ಲಿ ಜೇಮ್ಸ್ ಕ್ರೇಗನ ನಕ್ಷೆಗೆ ಒಪ್ಪಿಗೆ ದೊರೆತ ಮೇಲೆ ಎದ್ದ ಹೊಸ ಪಟ್ಟಣದ ನೇರ ಬೀದಿಗಳು, ಅದರಾಚೆ ಕಡಲಿನ ಕವಲು, ಅದಕ್ಕೂ ಆಚೆ ಫೈಫ್ ಸೀಮೆಯ ಗುಡ್ಡಗಳು. ಜೂನ್ ತಿಂಗಳಾದುದರಿಂದ ರಾತ್ರಿ ಹತ್ತು ಗಂಟೆಗೂ ಬಾನಿನಲ್ಲಿ ಬೆಳಕು. ಸಂಜೆಯೇ ಮುಗಿಯದ ಆ ಊರಿನಲ್ಲಿ ಸಂಧ್ಯಾವಂದನೆಯನ್ನು ಎಷ್ಟು ಹೊತ್ತಿಗೆ ಮಾಡಬೇಕೆಂಬುದು ರಾಯರ ಮೊದಲನೆಯ ಸಮಸ್ಯೆಯಾಯಿತು.

ಎರಡನೆಯ ಸಮಸ್ಯೆ ಅಡುಗೆಮನೆಯದು. ಅದು ರಾಯರ ಗಮನಕ್ಕೆ ಬರಲಿಲ್ಲ. ಪೆಟ್ಟಿಗೆಯಿಂದ ಪುಟ್ಟ ಕುಕ್ಕರು ಹೊರಬಂತು. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ಕಾಫಿಯ ಫಿಲ್ಟರು ಹೊರಬಂದುವು. ಬೆಳಿಗ್ಗೆ ಐದೂವರೆಗೆ ಎದ್ದು ಗೃಹಿಣಿ ಡಿಕಾಕ್ಷನ್ ಇಳಿಸಿದರು. ಏಳು ಗಂಟೆಗೆ ರಾಯರು ಕಿಟಕಿಯ ಗೂಡಿನಲ್ಲಿ ಕುಳಿತು, ಬೆಂಗಳೂರಿನಲ್ಲಿ ಹೇಗೋ ಹಾಗೆಯೇ, ಕೈಯನ್ನು ಸುಮ್ಮನೆ ಪಕ್ಕಕ್ಕೆ ಚಾಚಿದರು. ಲೋಟ ಬಂದು ಕೈಯಲ್ಲಿ ಕುಳಿತಿತು. ಮಧ್ಯಾಹ್ನಕ್ಕೆ ಹುಳಿ, ಅನ್ನ. ಸಾಸಿವೆಯ ಒಗ್ಗರಣೆ ಸಿಡಿದದ್ದೇ ತಡ, ಹೊಗೆಯನ್ನು ಕಂಡರೆ ಕೂಗುವ ಯಂತ್ರ ಮನೆಯ ಮೂಲೆಮೂಲೆಯಿಂದಲೂ ಅರಚತೊಡಗಿತು. ರಾಯರು ಕುರ್ಚಿಯ ಮೇಲೆ ಹತ್ತಿ ಟವೆಲು ಬೀಸಿ ಅದನ್ನು ಸುಮ್ಮನಾಗಿಸುವಷ್ಟರಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕೋಟೆಯ ಮೇಲಿನಿಂದ ಫಿರಂಗಿ ಗುಡುಗಿತು. ಗೃಹಿಣಿಯ ಕೈಯಿಂದ ಸೌಟು ಜಾರಿ ಬಿತ್ತು. ತಮ್ಮ ಒಗ್ಗರಣೆಗಾಗಿ ಸರ್ಕಾರವೇ ಗುಂಡು ಹಾರಿಸಿತೋ ಎಂದು ಇಬ್ಬರೂ ಒಂದು ಗಳಿಗೆ ಗಾಬರಿಯಾದರು. ಬಂದರಿನ ಹಡಗುಗಳವರು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದು ೧೮೬೧ರಲ್ಲಿ ಆರಂಭವಾದ ಪದ್ಧತಿ ಅದು. ಭಾನುವಾರ ಮತ್ತು ಒಂದೆರಡು ಹಬ್ಬದ ದಿನಗಳನ್ನು ಬಿಟ್ಟರೆ ಇಂದಿಗೂ ನಡೆಯುತ್ತಿದೆ. ಅಂದು ಇಬ್ಬರೂ ಮನಸಾರೆ ನಕ್ಕರು.

ಆದರೆ ನಗು ಎಷ್ಟು ಹೊತ್ತು? ಊಟವಾದ ಮೇಲೆ ರಾಯರು ಪುಸ್ತಕ ಹಿಡಿದರು. ಅವರ ಪತ್ನಿ ಪಾತ್ರೆ ತೊಳೆದರು, ಒರೆಸಿಟ್ಟರು, ಇತರರ ಮನೆಯಲ್ಲವೇ ಎಂದು ಒಲೆಯನ್ನು ಎರಡು ಸಲ ಉಜ್ಜಿದರು. ಬೆಂಗಳೂರಿನಲ್ಲಿ ಪಾತ್ರೆಗೆ ಕೆಲಸದವಳಿದ್ದಳು. ಇಲ್ಲಿ ಅದೂ ಇಲ್ಲ. ಎರಡನೆಯ ದಿನವೂ ಹೀಗೆಯೇ. ಮಾತು ಹೆಚ್ಚು ನಡೆಯಲಿಲ್ಲ. ಮಗನ ಮದುವೆ, ಬಾಡಿಗೆದಾರರ ತಂಟೆ, ರಕ್ತದೊತ್ತಡದ ಗುಳಿಗೆ—ಈ ಮೂರು ವಿಷಯಗಳೂ ಮುಗಿದ ಮೇಲೆ ಮನೆಯಲ್ಲಿ ಉಳಿದದ್ದು ಆ ಮೂರು ಅಡಿ ಗೋಡೆಯ ನಿಶ್ಶಬ್ದ. ಸಂಸಾರದ ಗದ್ದಲದಲ್ಲಿ ಮುಚ್ಚಿಹೋಗಿದ್ದ ಮೌನವೊಂದು ಇಬ್ಬರ ನಡುವೆ ಮೂರನೆಯವರಂತೆ ಬಂದು ಕುಳಿತಿತು. ಇಂಥ ಯಾತ್ರೆಗೆ ಹೋದ ನಡುವಯಸ್ಸಿನ ದಂಪತಿಗಳಲ್ಲಿ ಅನೇಕರಿಗೆ ಈ ಅನುಭವ ಆಗಿರಬಹುದು. ಹಿಂದಿರುಗಿ ಬಂದು ಛಾಯಾಚಿತ್ರಗಳನ್ನು ತೋರಿಸುವಾಗ ಮಾತ್ರ ಯಾರೂ ಅದನ್ನು ಹೇಳುವುದಿಲ್ಲ.

ಮೂರನೆಯ ದಿನ ಅವರು ಹತ್ತಿರದಲ್ಲಿಯೇ ಇರುವ ‘ಗ್ಲ್ಯಾಡ್‌ಸ್ಟನ್ಸ್ ಲ್ಯಾಂಡ್’ ಎಂಬ ಕಟ್ಟಡಕ್ಕೆ ಹೋದರು. ೧೬೧೭ರಲ್ಲಿ ಥಾಮಸ್ ಗ್ಲೆಡ್‌ಸ್ಟೇನ್ಸ್ ಎಂಬ ವರ್ತಕ ಅದನ್ನು ಕೊಂಡು ವಿಸ್ತರಿಸಿ, ಒಂದು ಭಾಗದಲ್ಲಿ ತಾನಿದ್ದು ಉಳಿದದ್ದನ್ನು ಬಾಡಿಗೆಗೆ ಕೊಟ್ಟಿದ್ದ. ಮುಂಭಾಗದಲ್ಲಿ ಮನೆಯ ಮಾಲೀಕ, ಹಿಂದೆ ಮೇಲೆ ಕೆಳಗೆ ಬಾಡಿಗೆದಾರರು. ವಠಾರದ ಧರ್ಮ ಎಲ್ಲ ಕಡೆಯೂ ಒಂದೇ. ೧೯೩೪ರಲ್ಲಿ ಕೆಡವಿಬಿಡುವ ಹಂತಕ್ಕೆ ಬಂದಿದ್ದ ಆ ಕಟ್ಟಡವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ನ್ಯಾಸ ಸಂಸ್ಥೆ ಉಳಿಸಿಕೊಂಡಿತು. ದುರಸ್ತಿಯ ಕಾಲದಲ್ಲಿ ಮರದ ಮಾಳಿಗೆಯ ಮೇಲೆ ಹೂವು, ಹಣ್ಣು, ಬಳ್ಳಿಗಳ ಹಳೆಯ ವರ್ಣಚಿತ್ರಗಳು ಬೆಳಕಿಗೆ ಬಂದುವು. ರಾಯರ ಪತ್ನಿ ಕತ್ತೆತ್ತಿ ಅದನ್ನು ಬಹಳ ಹೊತ್ತು ನೋಡಿದರು. ವರ್ಷದಲ್ಲಿ ಅರ್ಧ ಭಾಗ ಹೂವನ್ನೇ ಕಾಣದ ಚಳಿಯ ನಾಡಿನ ಜನ ಮಾಳಿಗೆಯಲ್ಲಿ ಹೂವು ಬರೆಯಿಸಿಕೊಂಡರು, ಪಾಪ ಎಂದರು.

ಅದರ ಪಕ್ಕದಲ್ಲಿಯೇ ಜೇಮ್ಸ್ ಕೋರ್ಟ್ ಎಂಬ ಅಂಗಳ. ಹದಿನೆಂಟನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅಲ್ಲಿ ವಾಸವಾಗಿದ್ದ. ತರುವಾಯ ಅಲ್ಲಿ ಬಿಡಾರ ಮಾಡಿದವನು ಜೇಮ್ಸ್ ಬಾಸ್‌ವೆಲ್. ಅವನ ಮನೆಗೆ ೧೭೭೩ರ ಆಗಸ್ಟ್ ೧೪ರಂದು ಮಹಾಪಂಡಿತ ಡಾಕ್ಟರ್ ಜಾನ್ಸನ್ ಅತಿಥಿಯಾಗಿ ಬಂದ. ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲ ಭೇಟಿ ಅದು. ಮುಂದೆ ಆ ಇಬ್ಬರು ಮಾಡಿದ ಹೆಬ್ರಿಡೀಸ್ ದ್ವೀಪಯಾತ್ರೆಗೆ ಅದೇ ಪೀಠಿಕೆ. ಕಾಲೇಜಿನಲ್ಲಿ ಓದಿದ್ದ ರಾಯರು ಉತ್ಸಾಹದಿಂದ ಎಲ್ಲವನ್ನೂ ವಿವರಿಸಿದರು. ಅವರ ಪತ್ನಿ ಒಂದೇ ಪ್ರಶ್ನೆ ಕೇಳಿದರು: “ಅವನು ಮಲಗಿದ್ದು ಎಲ್ಲಿ?”

ಪ್ರಶ್ನೆ ಸಣ್ಣದು. ಆದರೆ ಉತ್ತರ ಬಾಸ್‌ವೆಲ್ಲನ ಬರಹದಲ್ಲಿಯೇ ಇದೆ. ಅವನ ಹೆಂಡತಿ ಮಾರ್ಗರೆಟ್ ತನ್ನ ಮಲಗುವ ಕೋಣೆಯನ್ನೇ ಪಂಡಿತನಿಗೆ ಬಿಟ್ಟುಕೊಟ್ಟು, ತಾನು ಅದಕ್ಕಿಂತ ಕೀಳಾದ ಕೋಣೆಗೆ ಹೋದಳು. ಪಂಡಿತನಿಗೆ ಹೊತ್ತುಗೊತ್ತಿಲ್ಲದೆ ಚಹ ಕುಡಿಯುವ ಅಭ್ಯಾಸ. ಆಕೆ ಸದಾ ಚಹವನ್ನು ಸಿದ್ಧವಾಗಿಡುತ್ತಿದ್ದಳು. ಮೇಣದ ಬತ್ತಿ ಸರಿಯಾಗಿ ಉರಿಯದಿದ್ದರೆ ಅದನ್ನು ತಲೆಕೆಳಗೆ ಮಾಡಿ ಹಿಡಿಯುವುದು ಪಂಡಿತನ ಇನ್ನೊಂದು ಅಭ್ಯಾಸ. ಮೇಣ ಆಕೆಯ ಜಮಖಾನದ ಮೇಲೆ ತೊಟ್ಟಿಕ್ಕುತ್ತಿತ್ತು. ಗಂಡ ಅತಿಥಿಯ ಒಂದೊಂದು ಮಾತನ್ನೂ ಬರೆದಿಟ್ಟುಕೊಂಡು ಅಮರನಾದ. ಜಮಖಾನದ ಮೇಣವನ್ನು ಯಾರು ಕೆರೆದರೋ, ಅದನ್ನು ಯಾರೂ ಬರೆದಿಡಲಿಲ್ಲ.

“ಅವರಿಬ್ಬರಿಗೂ ಒಳ್ಳೆಯ ರಜವಾಯಿತು” ಎಂದು ರಾಯರ ಪತ್ನಿ ಅಂಗಳದ ಕಲ್ಲುಬೆಂಚಿನ ಮೇಲೆ ಕುಳಿತು ಹೇಳಿದರು. ಕೋಪವಿರಲಿಲ್ಲ; ಹವೆಯ ವಿಷಯ ಹೇಳುವಷ್ಟೇ ಸಹಜವಾಗಿ ಹೇಳಿದರು. ರಾಯರು ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿದರು.

ಬಾಸ್‌ವೆಲ್ಲನ ಮನೆಯಿದ್ದ ಭಾಗ ೧೮೫೭ರ ಬೆಂಕಿಯಲ್ಲಿ ಹಾಳಾಯಿತು. ಅಷ್ಟು ಹೊತ್ತಿಗೆ ಹಣವಂತರೆಲ್ಲ ಹೊಸ ಪಟ್ಟಣಕ್ಕೆ ಹೊರಟುಹೋಗಿದ್ದರು. ಅವರು ಬಿಟ್ಟುಹೋದ ಮಹಡಿಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ ತುಂಬಿಕೊಂಡಿತು. ೧೮೬೧ರ ನವೆಂಬರ್ ೨೪ರ ನಡುರಾತ್ರಿಯ ವೇಳೆಗೆ ಹೈ ಸ್ಟ್ರೀಟಿನ ಒಂದು ಹಳೆಯ ಕಟ್ಟಡ, ಮಲಗಿದ್ದ ಜನರೊಡನೆ ಕುಸಿದುಬಿತ್ತು. ೩೫ ಮಂದಿ ಸತ್ತರು. ಅವಶೇಷದಡಿಯಿಂದ ತಾನಿನ್ನೂ ಬದುಕಿದ್ದೇನೆಂದು ಕೂಗಿ ಹೇಳಿ ಪಾರಾದ ಹುಡುಗನೊಬ್ಬನ ಮುಖವನ್ನು ಆ ಜಾಗದ ಓಣಿಯ ಬಾಗಿಲಿನ ಮೇಲೆ ಕೆತ್ತಿದ್ದಾರೆ. ಮರುವರ್ಷ ನಗರಕ್ಕೆ ಮೊಟ್ಟಮೊದಲ ಆರೋಗ್ಯಾಧಿಕಾರಿಯ ನೇಮಕವಾಯಿತು. ಇಂದು ಯಾತ್ರಿಕರು ‘ಎಷ್ಟು ಸುಂದರ’ ಎಂದು ಸವರುವ ಹಳೆಯ ಕಲ್ಲುಗೋಡೆಗಳ ಚರಿತ್ರೆಯಲ್ಲಿ ಇದೂ ಸೇರಿದೆ.

ಅಂಥ ಕಾಲದಲ್ಲಿ ಅದೇ ಜೇಮ್ಸ್ ಕೋರ್ಟಿಗೆ ಇನ್ನೊಂದು ಜೋಡಿ ಬಂದಿತು. ೧೮೮೬ರಲ್ಲಿ ಮದುವೆಯಾದ ಪ್ಯಾಟ್ರಿಕ್ ಗೆಡ್ಡೀಸ್ ಮತ್ತು ಆನಾ. ಆತ ಜೀವವಿಜ್ಞಾನದ ಅಧ್ಯಾಪಕ. ಆಕೆ ಲಿವರ್‌ಪೂಲಿನ ವರ್ತಕನ ಮಗಳು. ಹೊಸ ಪಟ್ಟಣದಲ್ಲಿ ಸುಖವಾಗಿ ಇರಬಹುದಾಗಿದ್ದವರು ಕೊಳೆಗೇರಿಯಾಗಿದ್ದ ಅಂಗಳದಲ್ಲಿ ಮನೆ ಹಿಡಿದರು. ಬಡವರಿಗೆ ಉಪದೇಶ ಮಾಡುವುದರ ಬದಲು ಮೆಟ್ಟಿಲು, ಗೋಡೆ, ಕಿಟಕಿಗಳಿಂದ ಕೆಲಸ ಆರಂಭಿಸಿದರು. ಗುಡಿಸುವುದು, ಸುಣ್ಣ ಬಳಿಯುವುದು, ಕಿಟಕಿಗಳಲ್ಲಿ ಹೂವಿನ ಗಿಡ ಬೆಳೆಸುವುದು, ನೆರೆಯವರನ್ನೂ ಆ ಕೆಲಸಕ್ಕೆ ಸೇರಿಸಿಕೊಳ್ಳುವುದು—ಇದರಲ್ಲಿ ಗಂಡ ಹೆಂಡತಿ ಇಬ್ಬರೂ ಜತೆಗಿದ್ದರು. ಹಳೆಯ ಬೀದಿಯನ್ನು ಕೆಡವಬೇಕಾಗಿಲ್ಲ, ಕೆಟ್ಟ ಭಾಗವನ್ನಷ್ಟೆ ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಿದರೆ ಉಳಿದದ್ದು ತಾನೇ ಚೇತರಿಸಿಕೊಳ್ಳುತ್ತದೆ ಎಂಬ ತತ್ತ್ವ ಅಲ್ಲಿ ಬೆಳೆಯಿತು. ೧೯೧೪ರಲ್ಲಿ ಗೆಡ್ಡೀಸ್ ಅದನ್ನೇ ಹೊತ್ತು ಭಾರತಕ್ಕೆ ಬಂದ. ಮಧುರೆ, ತಂಜಾವೂರು, ಇಂದೂರು ಮೊದಲಾದ ಊರುಗಳ ಗಲ್ಲಿಗಲ್ಲಿಗಳನ್ನು ನಡೆದು ನೋಡಿ ವರದಿ ಬರೆದ. ೧೯೧೯ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಮೊದಲನೆಯ ಸಮಾಜಶಾಸ್ತ್ರ ಪ್ರಾಧ್ಯಾಪಕನಾದ. ಆದರೆ ಅಷ್ಟರಲ್ಲಿ ಆನಾ ಇರಲಿಲ್ಲ. ೧೯೧೭ರಲ್ಲಿ ಭಾರತದಲ್ಲಿಯೇ ಆಕೆ ಜ್ವರದಿಂದ ತೀರಿಕೊಂಡಳು. ಅದೇ ವರ್ಷ ಅವರ ಹಿರಿಯ ಮಗ ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದಿದ್ದ. ಹಾಸಿಗೆ ಹಿಡಿದಿದ್ದ ಹೆಂಡತಿಗೆ ಗೆಡ್ಡೀಸ್ ಆ ಸುದ್ದಿಯನ್ನು ಕೊನೆಯವರೆಗೂ ತಿಳಿಸಲಿಲ್ಲ.

ಈ ಕಥೆಯನ್ನು ಆ ರಾತ್ರಿ ಓದಿ ಮುಗಿಸಿದಾಗ ರಾಯರ ಪತ್ನಿ ಕೇಳಿದರು: “ಹೇಳಬೇಕಾಗಿತ್ತೇ, ಬೇಡವಾಗಿತ್ತೇ?” ರಾಯರು ಉತ್ತರ ಕೊಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದಾಯಿತು. ಗೃಹಿಣಿ ಎದ್ದು ಬಂದು ನೋಡಿದರೆ ರಾಯರು ಫಿಲ್ಟರಿನೊಡನೆ ಹೋರಾಡುತ್ತಿದ್ದರು. ಆ ಕಾಫಿಯ ವರ್ಣನೆ ಬೇಡ. ಉಪ್ಪಿಟ್ಟಿನಲ್ಲಿ ಗಂಟುಗಳಿದ್ದುವು; ಉಪ್ಪು ಇರಲಿಲ್ಲ. ಹೊಗೆಯ ಯಂತ್ರ ಎರಡು ಸಲ ಕೂಗಿತು. ಆದರೆ ಮೂವತ್ತೈದು ವರ್ಷಗಳಲ್ಲಿ ಮೊದಲನೆಯ ಸಲ ಆ ಗೃಹಿಣಿ ಬೆಳಗಿನ ಹೊತ್ತು ಕಿಟಕಿಯ ಬಳಿ ಕುಳಿತರು. ಕೈಯನ್ನು ಪಕ್ಕಕ್ಕೆ ಚಾಚುವುದು ಮಾತ್ರ ಅವರಿಗೆ ಬರಲಿಲ್ಲ.

ಅಂದು ಮೆಟ್ಟಿಲಿಳಿಯುವಾಗ ಎರಡನೆಯ ಅಂತಸ್ತಿನ ಬಾಗಿಲಿನ ಮುಂದೆ ವಯಸ್ಸಾದ ಮಹಿಳೆಯೊಬ್ಬಳು ಮೆಟ್ಟಿಲು ಗುಡಿಸುತ್ತಿದ್ದಳು. ನಲವತ್ತು ವರ್ಷಗಳಿಂದ ಅಲ್ಲಿ ಇದ್ದವಳು. ಮಾತು ಬೆಳೆಯಿತು. ಒಂದು ಮೆಟ್ಟಿಲ ಸಾಲಿನ ಮನೆಗಳವರು ಸರದಿಯ ಪ್ರಕಾರ ಮೆಟ್ಟಿಲು ತೊಳೆಯುವುದು ಅಲ್ಲಿಯ ಹಳೆಯ ಸಂಪ್ರದಾಯ. ಸರದಿ ಬಂದವರ ಬಾಗಿಲಿನ ಹಿಡಿಗೆ ಹಲಗೆಯೊಂದನ್ನು ತೂಗುಹಾಕುತ್ತಿದ್ದರು. ಕೆಲಸ ಮುಗಿಸಿದವರು ಅದನ್ನು ಮುಂದಿನ ಮನೆಗೆ ದಾಟಿಸಬೇಕು. ಈಗ ಆ ಮೆಟ್ಟಿಲ ಸಾಲಿನ ಎಂಟು ಬಾಗಿಲುಗಳಲ್ಲಿ ಮೂರರಲ್ಲಿ ಮಾತ್ರ ಊರವರಿದ್ದಾರೆ. ಉಳಿದವು ನಾಲ್ಕು ದಿನದ ಅತಿಥಿಗಳವು. ಹಲಗೆಯನ್ನು ಯಾರಿಗೆ ದಾಟಿಸುವುದು? ಚಕ್ರದ ಪೆಟ್ಟಿಗೆಗಳನ್ನು ನಡುರಾತ್ರಿ ಕಲ್ಲಿನ ಮೇಲೆ ಎಳೆದುಕೊಂಡು ಹೋಗುವ ಸದ್ದಿಗೆ ತನಗೆ ನಿದ್ರೆಯಿಲ್ಲವೆಂದಳು; ಹೇಳಿ, ತಾನೇ ನಾಚಿ, ತಮ್ಮನ್ನು ಕುರಿತು ಹೇಳಿದ್ದಲ್ಲವೆಂದು ಸಮಾಧಾನ ಮಾಡಿದಳು.

ಅವಳ ಅಳಲು ಅವಳೊಬ್ಬಳದಲ್ಲ. ೧೯೯೫ರಲ್ಲಿ ಎಡಿನ್‌ಬರೋದ ಹಳೆಯ ಮತ್ತು ಹೊಸ ಪಟ್ಟಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ೧೯೪೭ರಲ್ಲಿ ಆರಂಭವಾದ ಆಗಸ್ಟ್ ತಿಂಗಳ ಕಲೋತ್ಸವ ಜಗತ್ತಿನ ಜನರನ್ನೆಲ್ಲ ಸೆಳೆಯುತ್ತದೆ. ಬಂದವರಿಗೆ ಮನೆ ಕೊಟ್ಟರೆ ಊರಿನವರಿಗೆ ಕೊಡುವುದಕ್ಕಿಂತ ಹೆಚ್ಚು ಹಣ. ಊರಿನವರಿಗೆ ಮನೆ ಸಿಗುವುದು ಕಷ್ಟವಾಯಿತು. ಆದುದರಿಂದ ಸ್ಕಾಟ್ಲೆಂಡಿನಲ್ಲಿ ಅಲ್ಪಾವಧಿಯ ಬಾಡಿಗೆಗೆ ಮನೆ ಕೊಡುವವರು ಪರವಾನಗಿ ಪಡೆಯಬೇಕೆಂಬ ನಿಯಮ ಬಂದಿದೆ. ೨೦೨೨ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋ ನಗರವನ್ನೆಲ್ಲ ಇದರ ಸಲುವಾಗಿ ನಿಯಂತ್ರಣ ಪ್ರದೇಶವೆಂದು ಸಾರಲಾಯಿತು. ಒಬ್ಬರ ವಿಶ್ರಾಂತಿ ಇನ್ನೊಬ್ಬರ ನಿದ್ರೆಯನ್ನು ಕಸಿಯಬಾರದೆಂಬುದು ಕಾನೂನಿನ ಆಶಯ. ಆ ಆಶಯ ಮನೆಯ ಒಳಗೂ ಸಲ್ಲುವಂಥದು.

ಐದನೆಯ ಸಂಜೆ ಇಬ್ಬರೂ ರಾಜಬೀದಿಯಲ್ಲಿ ಇಳಿದು ಹೋಗುತ್ತಿದ್ದಾಗ, ಜಾನ್ ನಾಕ್ಸ್ ಮನೆಯ ಪಕ್ಕದಲ್ಲಿ ಕಲ್ಲಿನ ಚೌಕವೊಂದನ್ನು ಕಂಡರು. ಅದು ಹಳೆಯ ಕಾಲದ ನೀರಿನ ಕಟ್ಟೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಊರಾಚೆಯ ಕೊಮಿಸ್ಟನ್ ಬುಗ್ಗೆಗಳಿಂದ ಕೊಳವೆಗಳಲ್ಲಿ ನೀರು ತಂದು, ಬೀದಿಯುದ್ದಕ್ಕೂ ಇಂಥ ಕಟ್ಟೆಗಳಲ್ಲಿ ಬಿಡುತ್ತಿದ್ದರು. ಜನ ಸಾಲುಗಟ್ಟಿ ಕಾದು ನೀರು ಹಿಡಿಯಬೇಕು. ಹಣವಿದ್ದವರ ಮನೆಗೆ ನೀರಾಳುಗಳು ಪೀಪಾಯಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಆ ಸುರುಳಿ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ರಾಯರ ಪತ್ನಿ ಆ ಕಲ್ಲನ್ನು ಮುಟ್ಟಿ ನಿಂತರು.

“ಏನೂಂದ್ರೆ, ನಮ್ಮ ವಠಾರದ ನಲ್ಲಿ ನೆನಪಿದೆಯೇ?”

ನೆನಪಿಲ್ಲದೆ ಏನು? ಎಂಟು ಮನೆಗೆ ಒಂದು ನಲ್ಲಿ. ಒಂದು ದಿನ ಬಿಟ್ಟು ಒಂದು ದಿನ, ಬೆಳಗಿನ ಜಾವ ನಾಲ್ಕಕ್ಕೆ ನೀರು. ಹೊಸ ಸೊಸೆ ಕೊಡಗಳನ್ನು ಹಿಡಿದು ನಿಲ್ಲುತ್ತಿದ್ದಳು. ತುಂಬಿದ ಕೊಡವನ್ನು ಎತ್ತಿಕೊಡಲೆಂದು ಹೊಸ ಗಂಡನೂ ಎದ್ದು ಬರುತ್ತಿದ್ದ. ಅಪ್ಪ, ಅಮ್ಮ, ತಂಗಿಯರು, ತಮ್ಮಂದಿರು ಮಲಗಿರುವ ಮನೆಯಲ್ಲಿ ಆಡಲಾಗದ ಮಾತನ್ನು ಇಬ್ಬರೂ ನಲ್ಲಿಯ ಸದ್ದಿನ ಮರೆಯಲ್ಲಿ ಆಡಿಕೊಳ್ಳುತ್ತಿದ್ದರು. ರಾಯರು ಅದನ್ನು ನೆನೆದು ನಕ್ಕರು. ಅವರ ಪತ್ನಿ ನಗಲಿಲ್ಲ.

ಮನೆಗೆ ಬಂದು ಕಿಟಕಿಯ ಗೂಡಿನಲ್ಲಿ ಕುಳಿತ ಮೇಲೆ ಆಕೆ ಹೇಳಿದರು: “ಮದುವೆಯಾದ ಎರಡನೆಯ ವರ್ಷ ದೀಪಾವಳಿಗೆ ತವರಿಗೆ ಹೋದೆನಲ್ಲ, ಆಗ ಮತ್ತೆ ಬರಬಾರದೂಂತಲೇ ಹೋಗಿದ್ದೆ.”

ರಾಯರು ಮುಖವೆತ್ತಿ ನೋಡಿದರು.

“ನಿಮ್ಮ ಮೇಲೆ ಕೋಪವೇನಿರಲಿಲ್ಲ. ಎಂಟು ಜನಕ್ಕೆ ಬಡಿಸಿ ಮುಗಿಸಿದ ಮೇಲೆ, ನಿನ್ನ ಊಟವಾಯಿತೇ ಅಂತ ಕೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ನೀವೂ ಕೇಳಲಿಲ್ಲ.”

ಹೊರಗೆ ಇನ್ನೂ ಬೆಳಕಿತ್ತು. ಬಹಳ ಹೊತ್ತಿನ ಮೇಲೆ ರಾಯರು ಕೇಳಿದರು: “ಮತ್ತೆ ಏಕೆ ಬಂದ್ಯೇ?”

“ನೀರು ಯಾರು ಹಿಡೀತಾರೋ ಅಂತ ಬಂದೆ.”

ಅದು ಹಾಸ್ಯದ ಮಾತೇ ಅಥವಾ ನಿಜವೇ ಎಂಬುದು ರಾಯರಿಗೆ ಗೊತ್ತಾಗಲಿಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಒಂದು ಪೈಸೆ ವ್ಯತ್ಯಾಸವಿಲ್ಲದೆ ಲೆಕ್ಕ ಮುಗಿಸಿದ ಮನುಷ್ಯ, ತನ್ನ ಮನೆಯ ಪುಸ್ತಕದಲ್ಲಿ ಇಂಥದೊಂದು ಬಾಕಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಳಿದುಬಂದದ್ದನ್ನು ಆ ಕಿಟಕಿಯ ಬಳಿ ಕಂಡರು. ಸಮಾಧಾನದ ಮಾತೇನನ್ನೂ ಆಡಲಿಲ್ಲ. ಆಡಿದ್ದರೆ ಅದು ಅಗ್ಗವಾಗುತ್ತಿತ್ತೇನೋ. ಎದ್ದು ಹೋಗಿ ಅನ್ನಕ್ಕೆ ಇಟ್ಟರು. ತಟ್ಟೆ ಹಾಕಿ, ಹೆಂಡತಿಗೆ ಮೊದಲು ಬಡಿಸಿದರು. ಆ ರಾತ್ರಿ ಆ ಮನೆಯಲ್ಲಿ ಒಂದು ಗಂಟೆಯವರೆಗೂ ಮಾತು ನಡೆಯಿತು. ಏನು ಮಾತು ಎಂಬುದು ಆ ಮೂರು ಅಡಿ ಗೋಡೆಗೆ ಗೊತ್ತು.

ವಿಶ್ರಾಂತಿಯೆಂದರೆ ಕೆಲಸವಿಲ್ಲದಿರುವುದು ಎಂದು ಅನೇಕರು ತಿಳಿದಿದ್ದಾರೆ. ಹಾಗಿದ್ದರೆ ಹೋಟೆಲಿನ ಕೊಠಡಿ ಸಾಕು. ಬಿಡಾರದಲ್ಲಿ ಕೆಲಸ ಇದ್ದೇ ಇರುತ್ತದೆ. ಅಲ್ಲಿ ಒಲೆಯಿದೆ, ಪಾತ್ರೆಯಿದೆ, ಮೆಟ್ಟಿಲಿದೆ. ಆ ಹಲಗೆ ಒಂದೇ ಬಾಗಿಲಿನಲ್ಲಿ ತೂಗುತ್ತಿದ್ದರೆ ಒಬ್ಬರಿಗೆ ರಜ, ಇನ್ನೊಬ್ಬರಿಗೆ ಬೇರೆ ಊರಿನಲ್ಲಿ ಅದೇ ಚಾಕರಿ. ಹಲಗೆ ಕೈಯಿಂದ ಕೈಗೆ ದಾಟಿದರೆ ಇಬ್ಬರಿಗೂ ಅರ್ಧ ದಿನದ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ, ಕೇಳುವ ಕಿವಿಯೊಂದು ಎದುರಿಗಿದೆಯೆಂಬ ನಂಬಿಕೆ ಹುಟ್ಟಿದಾಗ, ಹಳೆಯ ಮಾತುಗಳು ಹೊರಬರುತ್ತವೆ. ಅವು ಯಾವಾಗಲೂ ಸಿಹಿಯಾಗಿರುತ್ತವೆಂದು ಹೇಳಲಾಗದು. ಸರಸದ ಮಾತುಗಳನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯೂ ಆಗಬಹುದು. ಆದರೆ ಹೇಳದೆ ಉಳಿದದ್ದನ್ನು ಹೇಳಿ ಮುಗಿಸಿದವರ ನಿದ್ರೆಯೇ ಬೇರೆ. ಇದಕ್ಕೆ ಸ್ಕಾಟ್ಲೆಂಡಿಗೇ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಒಂದು ಹಳೆಯ ತೊಟ್ಟಿಮನೆಯಾದರೂ ಆದೀತು. ಇಬ್ಬರೇ ಇರಬೇಕು, ಏಳು ದಿನವಾದರೂ ಇರಬೇಕು, ಏಕೆಂದರೆ ಮೊದಲ ನಾಲ್ಕು ದಿನ ಹಳೆಯ ಅಭ್ಯಾಸದಲ್ಲಿಯೇ ಕಳೆದುಹೋಗುತ್ತವೆ.

ಹೊರಡುವ ದಿನ ರಾಯರೂ ಅವರ ಪತ್ನಿಯೂ ಪೆಟ್ಟಿಗೆಗಳನ್ನು ಮೆಟ್ಟಿಲಿನಲ್ಲಿ ಎಳೆಯದೆ ಎತ್ತಿಕೊಂಡೇ ಇಳಿದರು. ಎರಡನೆಯ ಅಂತಸ್ತಿನ ಬಾಗಿಲು ಮುಚ್ಚಿತ್ತು. ಉಳಿದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಒಂದು ಚೀಟಿಯೊಡನೆ ಅಲ್ಲಿಟ್ಟು ಬಂದರು.

ಚಾಮರಾಜಪೇಟೆಯ ಆ ವಠಾರ ಈಗಿಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ. ರಾಯರ ಈಗಿನ ಮನೆಯಲ್ಲಿ ಎಲ್ಲ ಹೊತ್ತಿನಲ್ಲಿಯೂ ನೀರು ಬರುತ್ತದೆ. ಬೆಳಗಿನ ಜಾವ ಏಳಬೇಕಾದ ಅಗತ್ಯವಿಲ್ಲ. ಆದರೂ ವಾರದಲ್ಲಿ ಎರಡು ಮೂರು ದಿನ ರಾಯರೇ ಮೊದಲು ಎದ್ದು ಡಿಕಾಕ್ಷನ್ ಇಳಿಸುತ್ತಾರೆ. ಕಾಫಿ ಇನ್ನೂ ಅಷ್ಟೇನೂ ಚೆನ್ನಾಗಿರುವುದಿಲ್ಲ. ಗೃಹಿಣಿ ಅದನ್ನು ಕುಡಿದು ಮುಗಿಸುತ್ತಾರೆ. ಮಧ್ಯಾಹ್ನ ಬಡಿಸಿದ ತಟ್ಟೆಯ ಮುಂದೆ ರಾಯರು, ಆಕೆಯೂ ಬಂದು ಕುಳಿತುಕೊಳ್ಳುವವರೆಗೆ, ಕೈಯಾಡಿಸದೆ ಕಾಯುತ್ತಾರೆ.